ಹಂಗೇರಿ ಬಯಲಿನ ಜಟಾಧಾರಿ

ಕೊಮೊಂಡೋರ್ ಹಂಗೇರಿಯ ಕುರಿಗಾಹಿಗಳ ಕಾವಲು ನಾಯಿ. ಹುರಿಗಟ್ಟಿ ಇಳಿಬಿದ್ದ ಬಿಳಿ ಜಟೆಯೇ ಇದರ ಗುರುತು. ಗಂಡು ನಾಯಿ ಭುಜದ ಬಳಿ ಕನಿಷ್ಠ 70 ಸೆಂಟಿಮೀಟರ್ ಎತ್ತರವಿದ್ದು 50ರಿಂದ 60 ಕಿಲೋ ತೂಗುತ್ತದೆ. ಹೆಣ್ಣಿನ ಎತ್ತರ ಕನಿಷ್ಠ 65 ಸೆಂಟಿಮೀಟರ್, ತೂಕ 40ರಿಂದ 50 ಕಿಲೋ. ಕೂದಲ ಮರೆಯಲ್ಲಿ ಕಣ್ಣು ಕಾಣುವುದೇ ಅಪರೂಪ. ಇಂದಿನ ಪ್ರದರ್ಶನಗಳಲ್ಲಿ ಈ ಜಟೆ ಶೃಂಗಾರದಂತೆ ಕಂಡರೂ, ಬಯಲಿನ ಚಳಿಯನ್ನೂ ತೋಳದ ಹಲ್ಲನ್ನೂ ತಡೆಯುವುದೇ ಅದರ ಮೂಲ ಕೆಲಸ.

ಈ ತಳಿಯನ್ನು ಹಂಗೇರಿಗೆ ತಂದವರು ಕುಮನ್ನರು ಎಂಬುದು ಹೆಚ್ಚು ಪ್ರಚಲಿತವಾದ ಅಭಿಪ್ರಾಯ. ತುರ್ಕಿ ಕುಲದ ಭಾಷೆಯಾಡುತ್ತಿದ್ದ ಈ ಅಲೆಮಾರಿ ಪಶುಪಾಲಕರು ಕಪ್ಪು ಸಮುದ್ರದ ಉತ್ತರದ ಹುಲ್ಲುಗಾವಲುಗಳಲ್ಲಿದ್ದವರು. ಮಂಗೋಲರ ದಾಳಿಗೆ ಸಿಕ್ಕಿ, 1239ರಲ್ಲಿ ಕೋತೆನ್ ಎಂಬ ನಾಯಕನೊಂದಿಗೆ ಹಂಗೇರಿಯ ದೊರೆ ನಾಲ್ಕನೇ ಬೇಲಾನ ಆಶ್ರಯ ಬೇಡಿ ಬಂದರು. ಅವರ ಹಿಂಡುಗಳು ಊರವರ ಹೊಲಕ್ಕೆ ನುಗ್ಗಿದ್ದೇ ಜಗಳಕ್ಕೆ ದಾರಿಯಾಯಿತು. 1241ರಲ್ಲಿ ಮಂಗೋಲರು ಹಂಗೇರಿಯ ಮೇಲೆಯೇ ಏರಿ ಬಂದಾಗ, ಶತ್ರುವಿನ ಕಡೆಯವನೆಂಬ ಗುಮಾನಿಯಿಂದ ಕೋತೆನ್‌ನನ್ನು ಪೆಸ್ಟ್ ಪಟ್ಟಣದಲ್ಲಿ ಕೊಂದರು. ಸಿಟ್ಟಿಗೆದ್ದ ಕುಮನ್ನರು ಹಾದಿಯುದ್ದಕ್ಕೂ ಸುಲಿಗೆ ಮಾಡುತ್ತ ದೇಶ ಬಿಟ್ಟರು. ಮಂಗೋಲರು ಹಿಂದಿರುಗಿದ ಮೇಲೆ ಬೇಲಾ ಅವರನ್ನು ಮರಳಿ ಕರೆಸಿ ಡ್ಯಾನ್ಯೂಬ್ ಮತ್ತು ತಿಸಾ ನದಿಗಳ ನಡುವಿನ ಹಾಗೂ ತಿಸಾದ ಆಚೆಗಿನ ಬಯಲಿನಲ್ಲಿ ನೆಲೆ ಕೊಟ್ಟ. ಕಿಶ್‌ಕುನ್‌ಶಾಗ್, ನಾದ್ಯ್‌ಕುನ್‌ಶಾಗ್ ಎಂಬ ಸೀಮೆಗಳಿಗೆ ಈಗಲೂ ಅವರದೇ ಹೆಸರು.

ಪುಸ್ತಾ ಎಂದು ಕರೆಯುವ ಈ ಮರವಿಲ್ಲದ ಬಯಲು ಒಟ್ಟೋಮನ್ ಯುದ್ಧಗಳ ಕಾಲದಲ್ಲಿ ಇನ್ನಷ್ಟು ಬರಿದಾಯಿತು. ಹಳ್ಳಿಗಳು ಪಾಳುಬಿದ್ದವು, ಉಳುಮೆ ನಿಂತು ಮೇವಿನ ಭೂಮಿ ಬೆಳೆಯಿತು. ಕುರಿಗಾಹಿಗಳು ಅಗಲವಾದ ಕುರಿದೊಗಲಿನ ಬುಂಡಾ ಹೊದ್ದು, ತಿರುಚಿದ ಕೊಂಬಿನ ರಾಟ್ಸ್ಕಾ ಕುರಿಗಳ ಹಿಂದೆ ತಿಂಗಳುಗಟ್ಟಲೆ ಬಯಲಿನಲ್ಲೇ ಇರುತ್ತಿದ್ದರು. ನಾಯಿಗಳಲ್ಲೂ ಕೆಲಸ ಹಂಚಿಕೆಯಾಗಿತ್ತು. ಹಗಲು ಹಿಂಡನ್ನು ಓಡಾಡಿಸುವುದು ಪುಲಿ ಎಂಬ ಚುರುಕಾದ ಚಿಕ್ಕ ನಾಯಿಯ ಪಾಲು. ಅದಕ್ಕೂ ಜಟೆಯುಂಟು. ರಾತ್ರಿಯ ಕಾವಲು ಕೊಮೊಂಡೋರ್‌ನದು. ಹಗಲೆಲ್ಲ ಅದು ಸುತ್ತಲ ನೆಲವೆಲ್ಲ ಕಾಣುವಂಥ ಜಾಗ ಹಿಡಿದು ಮಲಗುತ್ತದೆ, ಕತ್ತಲಾದರೆ ಒಂದೆಡೆ ನಿಲ್ಲುವುದಿಲ್ಲ. ಎರಗುವಾಗ ಸದ್ದು ಮಾಡದು. ಕುರಿಗಾಹಿಯ ಅಪ್ಪಣೆಗೆ ಕಾಯದೆ ತಾನೇ ನಿರ್ಧರಿಸುವ ಸ್ವಭಾವವೇ ಅದರ ಬೆಲೆ. ಅದನ್ನು ಮೊಂಡುತನವೆನ್ನುವವರು ಅದರ ಕಸುಬನ್ನು ಮರೆತವರು. ಬಿಳಿ ಬಣ್ಣಕ್ಕೂ ಕಾರಣ ಹೇಳುವುದುಂಟು: ಕುರಿಗಳ ನಡುವೆ ನಾಯಿ ತೋಳಕ್ಕೆ ಬೇರೆಯಾಗಿ ಕಾಣಬಾರದು, ಆದರೆ ಕತ್ತಲಲ್ಲಿ ಯಾವುದು ನಾಯಿ, ಯಾವುದು ತೋಳ ಎಂದು ಕುರಿಗಾಹಿಗೆ ತಿಳಿಯಬೇಕು.

ಜಟೆ ಹುಟ್ಟಿನಿಂದ ಬರುವುದಲ್ಲ. ಮರಿಯ ಮೈ ಬೆಳ್ಳಗೆ, ಮೆತ್ತಗೆ, ಗುಂಗುರಾಗಿರುತ್ತದೆ. ದೊಡ್ಡದಾಗುತ್ತ ಹೊರಗಿನ ಒರಟು ಕೂದಲು ಒಳಗಿನ ಮೃದು ತುಪ್ಪಳವನ್ನು ಸುತ್ತಿಕೊಳ್ಳುತ್ತದೆ, ಉದುರಬೇಕಾದ ಕೂದಲೂ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಒಂದು ವರ್ಷದ ಆಸುಪಾಸಿನಲ್ಲಿ ಸಿಕ್ಕು ಕಾಣತೊಡಗಿ, ಪೂರ್ತಿ ಬೆಳೆಯಲು ಹಲವು ವರ್ಷ ಬೇಕು. ಸೊಂಟ ಮತ್ತು ತೊಡೆಯ ಹಿಂಭಾಗದಲ್ಲಿ ಕೂದಲು 20ರಿಂದ 27 ಸೆಂಟಿಮೀಟರ್ ಉದ್ದವಾಗುತ್ತದೆ. ಇದನ್ನು ಬಾಚುವಂತಿಲ್ಲ. ಹಾಗೆಂದು ಸುಮ್ಮನೆ ಬಿಟ್ಟರೆ ಪಕ್ಕದ ಜಟೆಗಳು ಬುಡದಲ್ಲಿ ಕೂಡಿಕೊಂಡು ಚಾಪೆಯಾಗುತ್ತವೆ, ಅಡಿಯ ಚರ್ಮಕ್ಕೆ ಗಾಳಿಯಾಡದೆ ಹುಣ್ಣಾಗುತ್ತದೆ. ಅದಕ್ಕೆ ಎರಡು ಜಟೆಗಳನ್ನು ಎರಡು ಕೈಯಲ್ಲಿ ಹಿಡಿದು, ಬೂದು ಬಣ್ಣದ ಚರ್ಮ ಕಾಣುವವರೆಗೆ ಬೆರಳಿನಿಂದಲೇ ಬಿಡಿಸಬೇಕು. ಕಿವಿಯ ಹಿಂದೆ ಮತ್ತು ಕಂಕುಳಿನಲ್ಲಿ ಈ ಕೆಲಸ ಮುಗಿಯುವುದೇ ಇಲ್ಲ.

ಸ್ನಾನ ಇನ್ನೊಂದು ಯಜ್ಞ. ಜಟೆ ನೀರು ಹೀರಲು ಹೊತ್ತು ಬೇಕು, ಸೋಪು ಬಿಡಲು ಅದಕ್ಕಿಂತ ಹೆಚ್ಚು. ತೊಳೆದ ಮೇಲೆ ಒಂದೊಂದನ್ನೇ ಹಿಂಡಿ, ಬಟ್ಟೆಯಲ್ಲಿ ಒತ್ತಿ, ಫ್ಯಾನಿನ ಗಾಳಿಗೆ ಬಿಟ್ಟರೂ ಪೂರ್ತಿ ಒಣಗಲು ಒಂದೆರಡು ದಿನ ಹಿಡಿಯುತ್ತದೆ. ಒಳಗೆ ತೇವ ಉಳಿದರೆ ಮಳೆಗಾಲದಲ್ಲಿ ಒಣಗದ ಕಂಬಳಿಯ ನಾತ ಬರುತ್ತದೆ, ಬೂಷ್ಟೂ ಹಿಡಿಯುತ್ತದೆ. ಬಾಯಿಯ ಸುತ್ತ ಅಂಟಿದ ಊಟವನ್ನು ದಿನವೂ ಒರೆಸಬೇಕು. ಕಿವಿಯೊಳಗೆ ಮತ್ತು ಕಾಲ್ಬೆರಳ ನಡುವೆ ಬೆಳೆಯುವ ಕೂದಲನ್ನು ತೆಗೆಯಬೇಕು. ಇನ್ನುಳಿದಂತೆ ಸೊಂಟದ ಕೀಲಿನ ದೋಷ, ಹೊಟ್ಟೆ ಉಬ್ಬರಿಸಿ ತಿರುಚಿಕೊಳ್ಳುವ ಅಪಾಯ ದೊಡ್ಡ ಮೈಯ ಇತರ ತಳಿಗಳಿಗಿರುವಂತೆ ಇದಕ್ಕೂ ಇವೆ.

ಕಸುಬು ಕುಸಿದದ್ದು 19ನೇ ಶತಮಾನದಲ್ಲಿ. 1846ರಲ್ಲಿ ಆರಂಭವಾದ ತಿಸಾ ನದಿಯ ಪಾತ್ರ ತಿದ್ದುವ ಕಾಮಗಾರಿ ಪ್ರವಾಹದ ನೆಲವನ್ನು ಒಣಗಿಸಿತು. ಹುಲ್ಲಿದ್ದಲ್ಲಿ ಗೋಧಿ ಬಂತು, ತೋಳ ಬಯಲಿನಿಂದ ಮರೆಯಾಯಿತು, ಕೊಮೊಂಡೋರ್ ತೋಟದ ಮನೆಗಳ ಬಾಗಿಲಿಗೆ ಬಂತು. ತಳಿಯ ಲಕ್ಷಣಗಳನ್ನು ಕಟ್ಟುನಿಟ್ಟಾಗಿ ಬರೆದಿಡುವ ಕೆಲಸ ನಡೆದದ್ದು ಆಮೇಲೆ. 1937ರಲ್ಲಿ ಅಮೆರಿಕನ್ ಕೆನಲ್ ಕ್ಲಬ್ ಇದಕ್ಕೆ ಮಾನ್ಯತೆ ಕೊಟ್ಟಿತು. ಎರಡನೇ ಮಹಾಯುದ್ಧದಲ್ಲಿ ಹಂಗೇರಿಯ ಕೊಮೊಂಡೋರ್‌ಗಳ ಸಂಖ್ಯೆ ತೀರಾ ಇಳಿಯಿತು. ಅಂಗಳಕ್ಕೆ ಕಾಲಿಟ್ಟ ಸೈನಿಕನಿಗೂ ದಾರಿ ಬಿಡದ ನಾಯಿಗೆ ಗುಂಡೇ ಗತಿಯಾಗಿತ್ತು. ಉಳಿದವುಗಳಿಂದ ತಳಿಯನ್ನು ಮತ್ತೆ ಕಟ್ಟಬೇಕಾಯಿತು. 2004ರಲ್ಲಿ ಹಂಗೇರಿಯ ಸಂಸತ್ತು ದೇಶದ ಇತರ ನಾಡ ತಳಿಗಳ ಜೊತೆ ಇದನ್ನೂ ರಾಷ್ಟ್ರೀಯ ಸಂಪತ್ತೆಂದು ಸಾರಿತು.

ಹಳೆಯ ಕೆಲಸ ಮತ್ತೆ ಸಿಕ್ಕಿದ್ದು ಮಾತ್ರ ಅಮೆರಿಕದಲ್ಲಿ. ಕಯೋಟಿಗಳಂಥ ಬೇಟೆಪ್ರಾಣಿಗಳಿಗೆ ಸರ್ಕಾರಿ ಜಮೀನಿನಲ್ಲಿ ವಿಷವಿಡುವುದನ್ನು 1972ರಲ್ಲಿ ಅಧ್ಯಕ್ಷ ನಿಕ್ಸನ್ ನಿಷೇಧಿಸಿದ ಮೇಲೆ ಕುರಿ ಸಾಕುವವರು ಬೇರೆ ದಾರಿ ಹುಡುಕಬೇಕಾಯಿತು. ಆ ದಶಕದಲ್ಲಿ ವನ್ಯಜೀವಿ ವಿಜ್ಞಾನಿಗಳು ಕೊಮೊಂಡೋರ್‌ಗಳನ್ನು ಹಿಂಡಿನೊಂದಿಗೆ ಬಿಟ್ಟು ನೋಡಿದಾಗ ಕುರಿಗಳ ನಷ್ಟ ಕಡಿಮೆಯಾಯಿತು. ಆದರೆ ಇತರ ಕಾವಲು ತಳಿಗಳಿಗಿಂತ ಇವು ಅಪರಿಚಿತರನ್ನು ಕಚ್ಚುವುದು ಹೆಚ್ಚೆಂದು ಕಂಡುಬಂದು, ಅನೇಕ ಸಾಕಣೆದಾರರು ಶಾಂತ ಸ್ವಭಾವದ ಪಿರೆನೀಸ್ ನಾಯಿಗಳತ್ತ ಹೊರಳಿದರು. ಕೊಮೊಂಡೋರ್ ಉಳಿಸಿಕೊಂಡವರಿಗೆ ಜಟೆಗೆ ಅಂಟುವ ಮುಳ್ಳುಬೀಜ, ಕೆಸರಿನ ಕಾಟ ತಪ್ಪಲಿಲ್ಲ. ಅದಕ್ಕೆ ಸುಲಭ ಉಪಾಯವಾಗಿ ಬೇಸಿಗೆಗೆ ಮುಂಚೆ ಕುರಿಗಳ ಉಣ್ಣೆ ಕತ್ತರಿಸುವಾಗಲೇ ನಾಯಿಯ ಮೈಯನ್ನೂ ಬೋಳಿಸುವುದುಂಟು.