ಬೂದಿದಿಬ್ಬದ ಲೆಕ್ಕ

ನಮ್ಮ ಸಿಂಧನೂರು ತಾಲ್ಲೂಕಿನ ಸಾಲಗುಂದದ ಸುತ್ತ ಇವತ್ತು ಭತ್ತವೇ ಭತ್ತ. ತುಂಗಭದ್ರಾ ಎಡದಂಡೆ ಕಾಲುವೆ ಬರೋಕೆ ಮೊದಲು ಇದು ಜೋಳ ಬೆಳೆಯೋ ಎರೆಭೂಮಿ. ಆದ್ರೆ ಜೋಳವೂ ಆಫ್ರಿಕಾದಿಂದ ಬಂದದ್ದು. ಅದಕ್ಕೂ ಮೊದಲು ಇಲ್ಲಿನ ಜನ ಹೊಟ್ಟೆಗೆ ಏನು ಮಾಡ್ತಿದ್ರು?

ಮಸ್ಕಿ ದಾಟಿ ಮುದಗಲ್ ಹತ್ರ ಹೋದ್ರೆ ಪಿಕ್ಲಿಹಾಳ ಸಿಗುತ್ತೆ. 1952ರಲ್ಲಿ ಪುರಾತತ್ವಜ್ಞ ಎಫ್. ಆರ್. ಆಲ್ಚಿನ್ ಇಲ್ಲಿ ಉತ್ಖನನ ಮಾಡಿದ್ರು. ಸಿಕ್ಕಿದ್ದು ಸುಮಾರು ನಾಲ್ಕು ಸಾವಿರ ವರ್ಷ ಹಿಂದಿನ ನವಶಿಲಾಯುಗದ ನೆಲೆ. ಬಂಡೆಗಳ ಮೇಲೆ ಎತ್ತಿನ ಚಿತ್ರ, ಮಣ್ಣಲ್ಲಿ ದನದ ಎಲುಬು. ಆ ಕಾಲದ ಜನ ಹುರುಳಿ, ಹೆಸರು ಬೆಳೀತಿದ್ರು. ಆದ್ರೆ ಅವರ ದೊಡ್ಡ ಆಸ್ತಿ ದನ.

ಯಾಕೆ ದನ? ಬಿಸಿಲಿನ ಶಕ್ತಿಯನ್ನ ಊಟ ಮಾಡಿಕೊಳ್ಳೋದು ಗಿಡಕ್ಕೆ ಗೊತ್ತು. ಒಣಭೂಮೀಲಿ ಹುಲ್ಲು ಬೇಕಾದಷ್ಟು, ಆದ್ರೆ ನಮಗೆ ಅದು ಜೀರ್ಣ ಆಗಲ್ಲ. ದನದ ಹೊಟ್ಟೇಲಿರೋ ಸೂಕ್ಷ್ಮಜೀವಿಗಳು ಅದನ್ನ ಅರಗಿಸ್ತಾವೆ. ನಾನು ಬಿಕಾಂ ಓದಿದವನು, ದಲ್ಲಾಳಿ ಅಂದ್ರೆ ತಟ್ಟನೆ ಅರ್ಥ ಆಗುತ್ತೆ. ದನ ಅಂಥ ದಲ್ಲಾಳಿ, ಕಮಿಷನ್ ಮಾತ್ರ ಭಾರಿ. ಈ ಲೆಕ್ಕಕ್ಕೆ 1942ರಲ್ಲಿ ಅಮೆರಿಕದ ರೇಮಂಡ್ ಲಿಂಡೆಮನ್ ಒಂದು ಚೌಕಟ್ಟು ಕೊಟ್ಟರು. ಒಂದು ಹಂತದಿಂದ ಮುಂದಿನದಕ್ಕೆ ದಾಟೋದು ಅಂದಾಜು ನೂರಕ್ಕೆ ಹತ್ತು ಭಾಗ. ಉಳಿದದ್ದು ಓಡಾಟಕ್ಕೆ, ಮೈ ಬಿಸಿಗೆ, ಸಗಣಿಗೆ.

ಆ ಸಗಣೀದೇ ದೊಡ್ಡ ಕಥೆ. ಬಳ್ಳಾರಿ ಹತ್ರ ಕುಡತಿನಿಯಲ್ಲಿ ಬೂದಿದಿಬ್ಬ ಇದೆ. ರಕ್ಕಸರನ್ನ ಸುಟ್ಟ ಬೂದಿ ಅಂತ ಹಿಂದಿನವರು ಹೇಳ್ತಿದ್ರು. 1957ರಲ್ಲಿ ಆಲ್ಚಿನ್ ಈಗಿನ ತೆಲಂಗಾಣದ ಉಟ್ನೂರಿನಲ್ಲಿ ಅಂಥದ್ದೇ ದಿಬ್ಬ ಅಗೆದಾಗ, ಪದರಗಳ ನಡುವೆ ದನದ ಗೊರಸಿನ ಗುರುತು ಕಂಡವು. ಅದು ದೊಡ್ಡಿ. ಬಿದ್ದ ಸಗಣಿಯನ್ನ ಮತ್ತೆ ಮತ್ತೆ ಸುಟ್ಟಿದ್ರು. ಪೂಜೆಗೋ, ಬೇರೆ ಕಾರಣಕ್ಕೋ, ಪಂಡಿತರಲ್ಲಿ ಇನ್ನೂ ಚರ್ಚೆ ಇದೆ.

ಸುಟ್ಟಾಗ ಏನಾಗುತ್ತೆ ಅನ್ನೋದ್ರಲ್ಲಿ ಮಾತ್ರ ಚರ್ಚೆ ಇಲ್ಲ. ಸಗಣಿ ಹುಳಕ್ಕೆ, ಗೆದ್ದಲಿಗೆ, ಬ್ಯಾಕ್ಟೀರಿಯಾಕ್ಕೆ ಊಟ ಆಗಬೇಕಿದ್ದ ಶಕ್ತಿ ಬಿಸಿಯಾಗಿ ಹೋಗುತ್ತೆ, ಅದು ವಾಪಸ್ ಬರಲ್ಲ. ಸಾರಜನಕದ ಬಹುಪಾಲು ಗಾಳಿಗೆ. ರಂಜಕ, ಪೊಟ್ಯಾಷ್ ಬೂದೀಲಿ ಉಳೀತಾವೆ. ಅದಕ್ಕೇ ರೈತರು ಎಷ್ಟೋ ದಿಬ್ಬಗಳ ಬೂದಿಯನ್ನ ಗಾಡಿಗೆ ತುಂಬಿ ಹೊಲಕ್ಕೆ ಚೆಲ್ಲಿದ್ದಾರೆ. ಹೊಲಕ್ಕೆ ಲಾಭ, ನಿಜ. ಆದ್ರೆ ನಮ್ಮ ಹಿರಿಯರ ಲೆಕ್ಕದ ಪುಸ್ತಕ ಅಳಿಸಿಹೋಯ್ತು.

ಈಗ ಮಷಿನ್ ಕೊಯ್ದು ಹೋದ ಗದ್ದೇಲಿ ಭತ್ತದ ಕೂಳೆಗೆ ಬೆಂಕಿ ಇಡ್ತಾರೆ. ಅವರ ಬೆಂಕಿ ಪಕ್ಕ ದನಗಳಿದ್ವು. ನಮ್ಮ ಹುಲ್ಲು ಒಂದು ದನದ ಹೊಟ್ಟೆಗೂ ಹೋಗದೆ ನೇರ ಹೊಗೆ ಆಗ್ತಿದೆ. ಮುಂದಿನ ಸಲ ಆ ಹೊಗೆ ಕಂಡ್ರೆ, ಈ ದಿಬ್ಬ ನೆನಪು ಮಾಡಿಕೊಳ್ರಿ.