ಹೆಸರು ಹೊಲಿಯದ ತೊಗಲು: ತುಮಕೂರು ಸೀಮೆಯಿಂದ ಮಿಲಾನ್‌ವರೆಗೆ

ತುಮಕೂರಿನಿಂದ ಗುಬ್ಬಿಗಾಗಲಿ ಕುಣಿಗಲ್‌ಗಾಗಲಿ ಹೋಗುವಾಗ ರಸ್ತೆ ಬದಿಯ ಬೀಳುಗಳಲ್ಲಿ ಹಳದಿ ಹೂ ಹೊತ್ತು ನಿಂತಿರುವ ತಂಗಡಿ ಗಿಡವನ್ನು ಬೆಳೆ ಎಂದು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಕೆಲವು ಕಡೆ ಇದನ್ನೇ ಆವರಿಕೆ ಅನ್ನುತ್ತಾರೆ. ದನಕರು ಬಾಯಿ ಹಾಕುವುದಿಲ್ಲ, ನೀರು ಗೊಬ್ಬರ ಯಾರೂ ಕೊಡುವುದಿಲ್ಲ, ಆದರೂ ಬರದ ವರ್ಷವೂ ಹಸಿರಾಗಿರುತ್ತದೆ. ಹತ್ತೊಂಬತ್ತನೇ ಶತಮಾನದಲ್ಲಿ ದಕ್ಷಿಣ ಭಾರತದಿಂದ ಲಂಡನ್ ಪೇಟೆಗೆ ಹಡಗೇರಿದ ಹದ ಮಾಡಿದ ಚರ್ಮದ ಬಹುಪಾಲು ಈ ಗಿಡದ ತೊಗಟೆಯ ರಸ ಕುಡಿದದ್ದು.

ತಂಗಡಿ ತೊಗಟೆಯಲ್ಲಿ ನೂರಕ್ಕೆ 15ರಿಂದ 20 ಪಾಲು ಟ್ಯಾನಿನ್ ಇರುತ್ತದೆ. ಹಸಿ ತೊಗಲನ್ನು ಮೊದಲು ಸುಣ್ಣದ ನೀರಿನಲ್ಲಿ ನೆನೆಹಾಕಿ ಕೂದಲು ಕೆರೆಯಬೇಕು. ಆಮೇಲೆ ಸುಣ್ಣ ತೊಳೆದು, ಜಜ್ಜಿದ ತೊಗಟೆಯ ಕಷಾಯದಲ್ಲಿ ದಿನಗಟ್ಟಲೆ ಅದ್ದಿ ತಿರುವಿ ತೆಗೆಯಬೇಕು. ತಂಗಡಿಯಲ್ಲಿ ಮಾತ್ರ ಹದವಾದ ಚರ್ಮ ಬಿಸಿಲು ಕಂಡರೆ ಕೆಂಪೇರುತ್ತದೆ. ಅದನ್ನು ತಡೆಯಲು ಕೊನೆಯಲ್ಲಿ ಅಳಲೆಕಾಯಿ ನೀರು, ಮೆತ್ತಗಾಗಲು ಎಣ್ಣೆ. ಇದು ಹಳ್ಳಿಗೆ ಹೊಸತಲ್ಲ. ಆದರೆ ಇದನ್ನೇ ಹದವರಿತು ದೊಡ್ಡ ಪ್ರಮಾಣಕ್ಕೆ ಒಗ್ಗಿಸಿದವನು 1840ರ ಸುಮಾರಿಗೆ ಪಾಂಡಿಚೇರಿ, ಮದ್ರಾಸುಗಳಲ್ಲಿದ್ದ ಚಾರ್ಲ್ಸ್ ದ ಸೂಜಾ ಎಂದು ಚರ್ಮೋದ್ಯಮದ ಚರಿತ್ರೆಕಾರರು ಹೇಳುತ್ತಾರೆ. ಹಾಗೆ ಹದಗೊಂಡ ದನದ ಚರ್ಮಕ್ಕೆ ಪೇಟೆಯಲ್ಲಿ ‘ಈಸ್ಟ್ ಇಂಡಿಯಾ ಕಿಪ್ಸ್’ ಎಂಬ ಹೆಸರಾಯಿತು. ಮೊದಲ ಮಹಾಯುದ್ಧದ ಹೊತ್ತಿಗೆ ಅದರ ಬೆಲೆ ಎಷ್ಟಿತ್ತೆಂದರೆ, ಬ್ರಿಟಿಷ್ ಸೈನಿಕರ ಬೂಟಿನ ಮೇಲ್ಭಾಗಕ್ಕೆ ಬೇಕೆಂದು 1916ರಿಂದ ಸರ್ಕಾರವೇ ಅದನ್ನು ಕೊಳ್ಳತೊಡಗಿತು.

ಆ ಹೆಸರಿನಲ್ಲಿ ಈಸ್ಟ್ ಇಂಡಿಯಾ ಇದೆ. ತಂಗಡಿ ಬೆಳೆದ ಬಯಲಿಲ್ಲ, ಹದ ಮಾಡಿದ ಕೈಯಂತೂ ಇಲ್ಲವೇ ಇಲ್ಲ. ಐಷಾರಾಮಿ ಚರ್ಮದ ವಸ್ತುಗಳ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಪ್ಯಾರಿಸ್ಸಿನಿಂದಲೋ ಫ್ಲಾರೆನ್ಸಿನಿಂದಲೋ ಶುರುಮಾಡುತ್ತಾರೆ. ತುಮಕೂರು ಸೀಮೆಯಿಂದ ನೋಡಿದರೆ ಅದೇ ಚರಿತ್ರೆಯಲ್ಲಿ ಬೇರೊಂದು ಪ್ರಶ್ನೆ ಏಳುತ್ತದೆ. ತೊಗಲಿತ್ತು, ತೊಗಟೆಯಿತ್ತು, ಕುದುರೆಯಿತ್ತು, ಹೊಲಿಯುವ ಕೈಗಳಿದ್ದವು. ಅಂಗಡಿಯ ಮೇಲೆ ಬರೆಯಬಹುದಾದ ಹೆಸರು ಮಾತ್ರ ಯಾಕೆ ಹುಟ್ಟಲಿಲ್ಲ?

ಕುದುರೆಯಿಂದಲೇ ನೋಡೋಣ. ಕುಣಿಗಲ್‌ನ ಕುದುರೆ ಫಾರಂ ಟಿಪ್ಪುಸುಲ್ತಾನನ ಕಾಲದ್ದು, ಅವನ ದಂಡಿಗೆ ಕುದುರೆ ಬೆಳೆಸಲು ಕಟ್ಟಿದ್ದು. ಭಾರತದಲ್ಲಿ ಈಗಲೂ ನಡೆಯುತ್ತಿರುವ ಅತಿ ಹಳೆಯ ಕುದುರೆ ತಳಿ ಕೇಂದ್ರ ಇದೇ ಎನ್ನುತ್ತಾರೆ. ಟಿಪ್ಪುವಿನ ನಂತರ ಬ್ರಿಟಿಷರ ಕೈಗೆ, ಆಮೇಲೆ ಮೈಸೂರು ಸಂಸ್ಥಾನಕ್ಕೆ, ಕೊನೆಗೆ ರಾಜ್ಯ ಸರ್ಕಾರಕ್ಕೆ ಬಂತು. ಈ ಫಾರಂ ಹುಟ್ಟಿ ಕೆಲವು ದಶಕ ಕಳೆದ ಮೇಲೆ, 1837ರಲ್ಲಿ, ತಿಯೆರಿ ಎರ್ಮೆಸ್ ಎಂಬಾತ ಪ್ಯಾರಿಸ್ಸಿನಲ್ಲಿ ಗಾಡಿ ಕುದುರೆಗಳ ಸರಂಜಾಮು ಹೊಲಿಯುವ ಕಾರ್ಯಾಗಾರ ತೆರೆದ. ಮಗನ ಕಾಲಕ್ಕೆ ಜೀನುಗಳೂ ಸೇರಿಕೊಂಡವು. ಕಾರು ಬಂದು ಕುದುರೆ ಮೂಲೆಗೆ ಸರಿದಾಗ ಮೊಮ್ಮಗ ಎಮಿಲ್ ಅದೇ ಹೊಲಿಗೆಯನ್ನು ಕೈಚೀಲಕ್ಕೆ ತಿರುಗಿಸಿದ. ಒಂದೇ ದಾರ, ಎರಡು ಸೂಜಿ, ಎರಡೂ ಕಡೆಯಿಂದ ಎದುರುಬದುರಾಗಿ ಹಾಕುವ ಜೀನಿನ ಹೊಲಿಗೆ. ಒಂದು ಎಳೆ ಕಿತ್ತರೂ ಮಿಕ್ಕದ್ದು ಬಿಚ್ಚುವುದಿಲ್ಲ. 1984ರಲ್ಲಿ ಬಂದ ಬರ್ಕಿನ್ ಚೀಲಕ್ಕೂ ಅದೇ ಹೊಲಿಗೆ, ಕಂಪನಿಯ ಲಾಂಛನದಲ್ಲಿ ಇಂದಿಗೂ ಅದೇ ಕುದುರೆ, ಅದೇ ಗಾಡಿ. ಫ್ಲಾರೆನ್ಸಿನ ಗುಚ್ಚಿ 1921ರಲ್ಲಿ ಶುರುವಾದದ್ದು ಪ್ರಯಾಣದ ಚರ್ಮದ ಸಾಮಾನಿನಿಂದ. 1953ರಲ್ಲಿ ಅವರ ಪಾದರಕ್ಷೆಯ ಮೇಲೆ ಕುಳಿತ ಲೋಹದ ತುಣುಕು ಕುದುರೆಯ ಕಡಿವಾಣದ ಆಕಾರದ್ದು. ಕುದುರೆ ಸಾಕುವವನ ದೊಡ್ಡಸ್ತಿಕೆ ಕುದುರೆಯ ಸಾಮಾನು ಹೊಲಿಯುವವನಿಗೂ ಅಂಟಿಕೊಂಡ ಜಗತ್ತು ಅದು.

ಕುಣಿಗಲ್‌ನಲ್ಲಿ ಹಾಗೆ ಅಂಟಲಿಲ್ಲ. ಬ್ರಿಟಿಷ್ ಸೇನೆಗೆ ಬೇಕಾದ ಜೀನು, ಲಗಾಮಿನ ಕೆಲಸ 1860ರ ದಶಕದಿಂದ ಕಾನ್ಪುರದ ಸರ್ಕಾರಿ ಕಾರ್ಖಾನೆಯಲ್ಲಿ ನೆಲೆಗೊಂಡಿತು. ಇಲ್ಲಿ ಕುದುರೆ ಮಾತ್ರ ಉಳಿಯಿತು. 1992ರಲ್ಲಿ ವಿಜಯ್ ಮಲ್ಯರ ಯುಬಿ ಗುಂಪು ಈ ಫಾರಂ ಅನ್ನು ಗುತ್ತಿಗೆಗೆ ಪಡೆದು ರೇಸ್ ಕುದುರೆ ಬೆಳೆಸಿತು. ಅದೇ ಗುಂಪಿನ ಹೆಸರು ಹೊತ್ತು ಬೆಂಗಳೂರಿನಲ್ಲಿ ಎದ್ದ ಯುಬಿ ಸಿಟಿಯಲ್ಲಿ ಲೂಯಿ ವಿಟ್ಟಾನ್ ಅಂಗಡಿ ತೆರೆಯಿತು. ಕುಣಿಗಲ್‌ನ ಕುದುರೆಗೂ ಪ್ಯಾರಿಸ್ಸಿನ ಚೀಲಕ್ಕೂ ಸಂಬಂಧ ಕುದುರಿದ್ದು ಹೀಗೆ, ಚಮ್ಮಾರನನ್ನು ಹಾದು ಅಲ್ಲ, ಮದ್ಯದ ದುಡ್ಡನ್ನು ಹಾದು.

ಹಾಗಾದರೆ ಈ ಸೀಮೆಯ ತೊಗಲಿನ ಕಸುಬುದಾರರು ಏನು ಮಾಡುತ್ತಿದ್ದರು? ಬಹುಮಟ್ಟಿಗೆ ಬೇಸಾಯದ ಸಾಮಾನು. ಎಕ್ಕಡ, ಮಿಣಿ, ಬಾರುಕೋಲಿನ ಬಾರು, ತಮಟೆ, ಎಲ್ಲಕ್ಕಿಂತ ಮುಖ್ಯವಾಗಿ ಕಪಿಲೆ ಬಾವಿಯಿಂದ ನೀರೆತ್ತುವ ತೊಗಲಿನ ಚೀಲ. ಮಧುಗಿರಿ, ಕೊರಟಗೆರೆ, ಶಿರಾ ಕಡೆಯ ಒಣನೆಲದಲ್ಲಿ ಕಪಿಲೆಯೇ ತೋಟದ ಜೀವ. ಜೋಡೆತ್ತು ಇಳಿಜಾರಿನಲ್ಲಿ ಹಗ್ಗ ಎಳೆದರೆ ಚೀಲ ತುಂಬಿ ಮೇಲೆ ಬಂದು ಕಾಲುವೆಗೆ ನೀರು ಸುರಿಯುತ್ತಿತ್ತು. ಅದು ಹರಿದರೆ ಬೆಳೆ ಒಣಗುತ್ತಿತ್ತು, ಹಾಗಾಗಿ ಗೌಡನೂ ಮಾದಿಗರ ಕೇರಿಗೆ ಹೇಳಿಕಳಿಸಲೇಬೇಕಿತ್ತು. ಈ ಕೆಲಸಕ್ಕೆ ರೊಕ್ಕ ಇರಲಿಲ್ಲ. ಆಯಗಾರಿಕೆಯ ಪ್ರಕಾರ ಸುಗ್ಗಿಯಲ್ಲಿ ಕಣದಿಂದ ಇಷ್ಟು ರಾಗಿ, ಸತ್ತ ದನದ ತೊಗಲಿನ ಹಕ್ಕು, ಅದರ ಜೊತೆಗೆ ಊರಾಚೆಯ ಜಾಗ. ನನಗೆ ಅನ್ನಿಸುವುದು, ಹೆಸರು ಹುಟ್ಟದಿರುವುದಕ್ಕೆ ಅರ್ಧ ಕಾರಣ ಇಲ್ಲೇ ಇದೆ. ಮಾರದ ವಸ್ತುವಿಗೆ ಬೆಲೆಯಿಲ್ಲ. ಬೆಲೆಯಿಲ್ಲದ ಮೇಲೆ ಇಬ್ಬರು ಕಸುಬುದಾರರ ಕೆಲಸವನ್ನು ಪಕ್ಕದಲ್ಲಿಟ್ಟು ಇದು ಹೆಚ್ಚು, ಅದು ಕಮ್ಮಿ ಎಂದು ಕೊಳ್ಳುವವನು ಹೇಳುವ ಪ್ರಸಂಗವೇ ಬರುವುದಿಲ್ಲ. ಇನ್ನರ್ಧ ಕಾರಣ ಎಲ್ಲರಿಗೂ ಗೊತ್ತಿರುವುದೇ. ಎಕ್ಕಡ ಬೇಕು, ಅದನ್ನು ಮುಟ್ಟಿದ ಕೈ ಬೇಡ ಎಂಬ ಊರಿನಲ್ಲಿ ಆ ಕೈಯ ಹೆಸರನ್ನು ಯಾರು ಹೇಳಿಕೊಂಡು ತಿರುಗುತ್ತಾರೆ? ಕನ್ನಡಿಗರಿಗೆಲ್ಲ ಹೆಸರು ಗೊತ್ತಿರುವ ಪಾದರಕ್ಷೆಯ ಕುಶಲಿ ಒಬ್ಬನೇ, ಹನ್ನೆರಡನೇ ಶತಮಾನದ ಹರಳಯ್ಯ. ಅವನ ಹೆಸರು ಉಳಿದದ್ದೂ, ತಾನೂ ಹೆಂಡತಿ ಕಲ್ಯಾಣಮ್ಮನೂ ತಮ್ಮ ತೊಡೆಯ ಚರ್ಮದಿಂದಲೇ ಬಸವಣ್ಣನಿಗೆ ಪಾದರಕ್ಷೆ ಮಾಡಿದರೆಂಬ ಕಥೆಯಿಂದ.

ಪೇಟೆ ಇರಲಿಲ್ಲ ಎಂದೇನೂ ಅಲ್ಲ. 1800ರಲ್ಲಿ ಈ ಕಡೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಗುಬ್ಬಿಯನ್ನು ದೊಡ್ಡ ವ್ಯಾಪಾರದ ಊರೆಂದು ಬಣ್ಣಿಸಿದ್ದಾನೆ. ಅಡಿಕೆ, ಕೊಬ್ಬರಿ ಕೊಳ್ಳಲು ದೂರದ ವರ್ತಕರು ಅಲ್ಲಿಗೆ ಬರುತ್ತಿದ್ದರು. 1884ರಲ್ಲಿ ಬೆಂಗಳೂರಿನಿಂದ ತುಮಕೂರಿಗೆ ರೈಲು ಬಂತು, ಆ ದಶಕ ಮುಗಿಯುವುದರೊಳಗೆ ಹಳಿ ಗುಬ್ಬಿ, ತಿಪಟೂರು ದಾಟಿ ಹರಿಹರ ಮುಟ್ಟಿತು. ಅದೇ 1884ರಲ್ಲಿ ಗುಬ್ಬಿಯಲ್ಲಿ ಚನ್ನಬಸವೇಶ್ವರ ನಾಟಕ ಕಂಪನಿ ಹುಟ್ಟಿ, ಮುಂದೆ ವೀರಣ್ಣನವರ ಕಾಲಕ್ಕೆ ‘ಗುಬ್ಬಿ ಕಂಪನಿ’ ಎಂದರೆ ಟಿಕೆಟ್ಟಿಗೆ ಜನ ಮುಗಿಬೀಳುವಂತಾಯಿತು. ಊರ ಹೆಸರೇ ಸರಕಿನ ಭರವಸೆಯಾಗುವುದು ಈ ಸೀಮೆಗೆ ಗೊತ್ತಿತ್ತು ಎಂಬುದಕ್ಕೆ ಇಷ್ಟು ಸಾಕು. ಹಸಿ ತೊಗಲು ಮಾತ್ರ ರೈಲಿನ ಕಾಲದಲ್ಲಿ ಹಳ್ಳಿಯಿಂದ ಟ್ಯಾನರಿಗೆ ಹೋಗುವ ಕಚ್ಚಾಮಾಲಾಯಿತು. ಬೆಂಗಳೂರಿನ ಟ್ಯಾನರಿ ರಸ್ತೆಗೆ ಆ ಹೆಸರು ಬಂದದ್ದೇ ಅಲ್ಲಿದ್ದ ಟ್ಯಾನರಿಗಳಿಂದ. ಆಂಬೂರು, ವಾಣಿಯಂಬಾಡಿಗಳು ಚರ್ಮದ ಊರುಗಳೆಂದೇ ಹೆಸರಾದವು.

ಈ ಚರಿತ್ರೆಯಲ್ಲಿ ನನಗೆ ತುಂಬ ಹಿಡಿಸುವ ತಿರುವು ಆಲ್ಫ್ರೆಡ್ ಚಾಟರ್ಟನ್ ಅವರದು. ಮದ್ರಾಸಿನಲ್ಲಿ ಎಂಜಿನಿಯರಿಂಗ್ ಮೇಷ್ಟರಾಗಿದ್ದ ಈತ 1903ರ ಸುಮಾರಿಗೆ ಕ್ರೋಮ್ ಟ್ಯಾನಿಂಗ್ ಪ್ರಯೋಗ ಶುರುಮಾಡಿದರು. ತೊಗಟೆಯ ಬದಲು ಕ್ರೋಮಿಯಂ ಲವಣ, ವಾರಗಳ ಬದಲು ಕೆಲವೇ ದಿನ. ಮೊದಲು ಕಣ್ಣಿಟ್ಟದ್ದು ಫ್ಯಾಷನ್ ಬೂಟಿನ ಮೇಲಲ್ಲ, ಬಾವಿಯಿಂದ ನೀರೆತ್ತುವ ತೊಗಲಿನ ಚೀಲದ ಮೇಲೆ. ತೊಗಟೆಯಲ್ಲಿ ಹದವಾದ ಚೀಲ ನೀರಿನಲ್ಲಿ ನೆನೆನೆನೆದು ಬೇಗ ಕೊಳೆಯುತ್ತಿತ್ತು, ಕ್ರೋಮ್ ಚರ್ಮ ತಡೆದುಕೊಳ್ಳುತ್ತಿತ್ತು. ಇಂದು ಜಗತ್ತಿನ ಬಹುಪಾಲು ಚೀಲ, ಬೂಟುಗಳಿಗೆ ಹಾಕುವ ಚರ್ಮದ ತಂತ್ರ ದಕ್ಷಿಣ ಭಾರತದಲ್ಲಿ ಕಾಲೂರಿದ್ದು ಕಪಿಲೆಯ ನೆಪದಲ್ಲಿ! ಚಾಟರ್ಟನ್ 1912ರಲ್ಲಿ ಮೈಸೂರು ಸಂಸ್ಥಾನದ ಕೈಗಾರಿಕಾ ನಿರ್ದೇಶಕರಾಗಿ ಬಂದರು. ಅದೇ ವರ್ಷ ವಿಶ್ವೇಶ್ವರಯ್ಯ ದಿವಾನರಾದರು. ಸೋಪು, ಗಂಧದೆಣ್ಣೆಗಳಿಗೆ ಆ ಕಾಲದಲ್ಲಿ ಮೈಸೂರಿನ ಹೆಸರು ಸಿಕ್ಕಿತು, ಲೋಕವೆಲ್ಲ ಕೊಂಡಿತು. ಚರ್ಮಕ್ಕೆ ಆ ಭಾಗ್ಯ ಬರಲಿಲ್ಲ. ಗಂಧ ಪೂಜೆಯ ಮನೆಯದು, ತೊಗಲು ಊರಾಚೆಯದು. 

ಸ್ವಾತಂತ್ರ್ಯದ ನಂತರದ್ದನ್ನು ಬೇಗ ಹೇಳಿ ಮುಗಿಸಬಹುದು. ವಿದ್ಯುತ್ ಪಂಪ್‌ಸೆಟ್ ಬಂದು ಕಪಿಲೆ ನಿಂತಿತು. ನೈಲಾನ್ ಹಗ್ಗ ಮಿಣಿಯನ್ನೂ, ಟೈರ್, ಹವಾಯಿ ಚಪ್ಪಲಿಗಳು ಎಕ್ಕಡವನ್ನೂ ಮೂಲೆಗೆ ತಳ್ಳಿದವು. ದಕ್ಷಿಣ ಆಫ್ರಿಕದ ವಾಟಲ್ ತೊಗಟೆ ಟ್ಯಾನರಿಗಳಲ್ಲಿ ತಂಗಡಿಯ ಜಾಗ ಹಿಡಿಯಿತು. 1973ರಲ್ಲಿ ಕೇಂದ್ರ ಸರ್ಕಾರ ಅರೆಬರೆ ಹದದ ಚರ್ಮದ ರಫ್ತಿಗೆ ಮಿತಿ ಹಾಕಿ, ಸಿದ್ಧ ವಸ್ತು ಮಾಡಿ ಕಳಿಸಿ ಎಂದಿತು. ಅದರ ಲಾಭ ಬಂಡವಾಳವಿದ್ದ ಕಾರ್ಖಾನೆಗಳಿಗೆ ಹೋಯಿತೇ ಹೊರತು ಒಬ್ಬೊಬ್ಬರೇ ಕೂತು ಹೊಲಿಯುವವರಿಗಲ್ಲ.

ಆ ದಶಕದಲ್ಲಿ ಕರ್ನಾಟಕದಲ್ಲಿ ಎರಡು ಸಂಗತಿ ಒಟ್ಟಿಗೆ ನಡೆದವು, ಎರಡೂ ಎದುರುಬದುರು ದಿಕ್ಕಿನವು. ಒಂದು, ದಲಿತ ಸಂಘರ್ಷ ಸಮಿತಿ. ತುಮಕೂರು ಜಿಲ್ಲೆಯಲ್ಲಿ ಅದರ ಬೇರು ಗಟ್ಟಿ. ಸತ್ತ ದನ ಎಳೆಯುವುದಿಲ್ಲ, ತಮಟೆ ಬಡಿಯುವುದಿಲ್ಲ ಎಂದು ಕೇರಿಗಳು ತೀರ್ಮಾನಿಸಿದ್ದು ಆ ಹೊತ್ತಿನಲ್ಲಿ. ಇನ್ನೊಂದು, 1976ರಲ್ಲಿ ರಾಜ್ಯ ಸರ್ಕಾರ ಚರ್ಮ ಕೈಗಾರಿಕೆಗೆಂದೇ ಕಟ್ಟಿದ ನಿಗಮ, ಜನರ ಬಾಯಲ್ಲಿ ಲಿಡ್ಕರ್. ಮುಂದೆ ಇದಕ್ಕೆ ಬಾಬು ಜಗಜೀವನರಾಂ ಅವರ ಹೆಸರಿಟ್ಟರು. ಕಸುಬು ಬಿಡಿ ಎಂದವರೂ ಸರಿ, ಕಸುಬಿಗೆ ಮರ್ಯಾದೆ ತರೋಣ ಎಂದವರೂ ಸರಿ. ಆದರೆ ಕಲಿತ ಮಕ್ಕಳು ಉಳಿ, ರಂಪಿಗೆ ಕೆಳಗಿಟ್ಟು ನೌಕರಿಯ ಕಡೆ ಹೊರಟಾಗ ಅದನ್ನು ಪರಂಪರೆಯ ನಷ್ಟವೆಂದು ಗೋಳಾಡುವವರನ್ನು ಕಂಡರೆ ನನಗೆ ಅನುಮಾನ. ಅವರ ಮನೆಯ ಮಕ್ಕಳನ್ನು ಯಾರೂ ಆ ಕೆಲಸಕ್ಕೆ ಕರೆದಿರಲಿಲ್ಲ.

ಲಿಡ್ಕರ್ ಕಥೆ ಏಳುಬೀಳಿನದು. ತರಬೇತಿ, ರಸ್ತೆ ಬದಿಯ ಚಮ್ಮಾರರಿಗೆ ಪೆಟ್ಟಿಗೆ ಅಂಗಡಿ, ಜೊತೆಗೆ ಬೂಟು, ಬೆಲ್ಟು, ಚೀಲ ಮಾರುವ ಮಳಿಗೆಗಳು. ಚರ್ಮ ಅಸಲಿ, ಬೆಲೆ ಕಮ್ಮಿ, ನೋಟ ಮಾತ್ರ ಬಹುಕಾಲ ಸರ್ಕಾರಿ ಕಚೇರಿಯದೇ. 2023ರಲ್ಲಿ ನಟ ಡಾಲಿ ಧನಂಜಯ ರಾಯಭಾರಿಯಾದರು. ಕನ್ನಡದ ಮುಖ್ಯವಾಹಿನಿಯ ತಾರೆಯೊಬ್ಬ ಚರ್ಮ ಕುಶಲಕರ್ಮಿಗಳ ಸರಕನ್ನು ನನ್ನದು ಎಂದು ತೊಟ್ಟು ತೋರಿಸಿದ್ದು ಸಣ್ಣ ಮಾತಲ್ಲ. ಹೋಲಿಕೆಗೆ ಪುದುಚೇರಿಯ ಹೈಡಿಸೈನ್ ಇದೆ. ದಿಲೀಪ್ ಕಪೂರ್ 1978ರಲ್ಲಿ, ಅಂದರೆ ಲಿಡ್ಕರ್ ಹುಟ್ಟಿದ ಎರಡು ವರ್ಷಕ್ಕೆ, ಸಣ್ಣ ಕಾರ್ಯಾಗಾರವಾಗಿ ಶುರುಮಾಡಿದ್ದು. ಕ್ರೋಮ್ ಬಿಟ್ಟು ತೊಗಟೆ ಹದದ ಚರ್ಮವನ್ನೇ ತನ್ನ ಗುರುತು ಮಾಡಿಕೊಂಡಿತು, 2007ರಲ್ಲಿ ಲೂಯಿ ವಿಟ್ಟಾನ್‌ನ ಮಾತೃಸಂಸ್ಥೆಯ ಹೂಡಿಕೆ ವಿಭಾಗವೇ ಅದರಲ್ಲಿ ಪಾಲು ಕೊಂಡಿತು. ಹಳ್ಳಿಯ ಹಳೇ ಹದವನ್ನೇ ಐಷಾರಾಮಿ ಗುಣವೆಂದು ಮಾರಬಹುದು ಎಂದು ಅದು ತೋರಿಸಿತು. ನಿಗಮಕ್ಕೆ ಇದು ಹೊಳೆಯದೆ ಹೋದದ್ದಕ್ಕೆ ಕಾರಣ ಬಡತನ ಅಲ್ಲ, ತನ್ನ ಸರಕನ್ನು ತಾನೇ ಸಹಾಯಧನದ ಕಣ್ಣಿನಿಂದ ನೋಡಿದ್ದು.

ಉತ್ತರ ಕರ್ನಾಟಕ ಈ ವಿಷಯದಲ್ಲಿ ಮುಂದಿದೆ. ಅಥಣಿ, ನಿಪ್ಪಾಣಿ ಕಡೆ ಜಾಲಿ ತೊಗಟೆ, ಅಳಲೆಕಾಯಿಯಲ್ಲಿ ಹದವಾದ ಚರ್ಮದಿಂದ ಮಾಡುವ ಚಪ್ಪಲಿಯನ್ನು ಜಗತ್ತು ಕೊಲ್ಹಾಪುರಿ ಎನ್ನುತ್ತದೆ. ಜಡೆ ಹೆಣೆಯುವುದು, ಹೊಲಿಯುವುದು ಹೆಚ್ಚಾಗಿ ಹೆಂಗಸರ ಕೆಲಸ. ಅಥಣಿಯಲ್ಲಿ ಅವರದೇ ಸಂಘಗಳು ‘ಟೋ ಹೋಲ್ಡ್’ ಹೆಸರಿನಲ್ಲಿ ಹೊರದೇಶಕ್ಕೆ ಮಾರಿದವು. 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಸೇರಿದವು. ಹಕ್ಕುದಾರರು ಆ ರಾಜ್ಯದ ಚರ್ಮ ನಿಗಮ ಮತ್ತು ನಮ್ಮ ಲಿಡ್ಕರ್.

ಆ ಕಾಗದದ ಬಲ ಗೊತ್ತಾದದ್ದು 2025ರ ಜೂನ್‌ನಲ್ಲಿ. 1913ರಲ್ಲಿ ಮಿಲಾನ್‌ನಲ್ಲಿ ಚರ್ಮದ ಅಂಗಡಿಯಾಗಿ ಶುರುವಾದ ಪ್ರಾಡಾ, ತನ್ನ ಗಂಡಸರ ಉಡುಪಿನ ಪ್ರದರ್ಶನದಲ್ಲಿ ಕೊಲ್ಹಾಪುರಿಯಂಥದೇ ಚಪ್ಪಲಿಯನ್ನು ಮೂಲದ ಹೆಸರೆತ್ತದೆ ನಡೆಸಿತು. ಗದ್ದಲವಾಯಿತು. ಪ್ರಾಡಾ ಭಾರತದ ಮೂಲವನ್ನು ಒಪ್ಪಿಕೊಂಡಿತು, ತಂಡ ಕಳಿಸಿತು, ಡಿಸೆಂಬರ್‌ನಲ್ಲಿ ಎರಡೂ ನಿಗಮಗಳೊಡನೆ ಒಪ್ಪಂದ ಮಾಡಿಕೊಂಡಿತು. ಮಹಾರಾಷ್ಟ್ರ, ಕರ್ನಾಟಕಗಳ ಕುಶಲಕರ್ಮಿಗಳಿಂದ 2,000 ಜೊತೆ ಮಾಡಿಸಿ ತಲಾ ಸುಮಾರು 800 ಯೂರೋಗೆ ಮಾರುವುದು, ಜೊತೆಗೆ ಇಲ್ಲಿಯೂ ಇಟಲಿಯ ತನ್ನ ಅಕಾಡೆಮಿಯಲ್ಲಿಯೂ ತರಬೇತಿ ಕೊಡುವುದು ಎಂಬುದು ಪ್ರಕಟವಾದ ಯೋಜನೆ.

800 ಯೂರೋ ಎಂದರೆ ಎಂಬತ್ತು ಸಾವಿರ ರೂಪಾಯಿಗೂ ಮೇಲೆ. ಅದರಲ್ಲಿ ಚರ್ಮದ ಪಾಲು ಎಷ್ಟು, ಕೂಲಿಯ ಪಾಲು ಎಷ್ಟು, ಹೆಸರಿನ ಪಾಲು ಎಷ್ಟು ಎಂದು ಒಪ್ಪಂದಕ್ಕೆ ರುಜು ಹಾಕಿದ ಲಿಡ್ಕರ್ ಕೇಳಲೇಬೇಕು. ತುಮಕೂರಿನ ಪ್ರಶ್ನೆ ಬೇರೆ. ಗುರುತು ಪಡೆದ ಎಂಟು ಜಿಲ್ಲೆಗಳಲ್ಲಿ ಅದು ಇಲ್ಲ, ಇರಬೇಕಾಗಿಯೂ ಇಲ್ಲ, ಇಲ್ಲಿನ ಎಕ್ಕಡದ ಕಟ್ಟೇ ಬೇರೆ. ಅದಕ್ಕೆ ತನ್ನದೇ ಗುರುತು ಬೇಕೆಂದರೆ ಅರ್ಜಿಯ ಜೊತೆ ತಯಾರಿಯ ವಿಧಾನ, ಪ್ರದೇಶದ ನಕ್ಷೆ, ಹಳಮೆಯ ಪುರಾವೆ ಕೊಡಬೇಕಾಗುತ್ತದೆ. ನಕ್ಷೆ ತಾಲೂಕು ಕಚೇರಿಯಲ್ಲಿ ಸಿಗುತ್ತದೆ, ಪುರಾವೆಯನ್ನು ಹಳೇ ಗ್ಯಾಸೆಟಿಯರುಗಳಲ್ಲಿ ಹುಡುಕಬಹುದು. ವಿಧಾನ ಬೇಕಾದರೆ ಕೇರಿಯ ಹಿರಿಯರ ಹತ್ತಿರ ಕೂತು ಬರೆದುಕೊಳ್ಳಬೇಕು, ಬರೆದ ಮೇಲೆ ಕೆಳಗೆ ಅವರ ಹೆಸರು ಹಾಕಬೇಕು.