ನೀರಗಂಟಿಯ ನಕ್ಷೆ

ಕೆರೆಯ ಅಚ್ಚುಕಟ್ಟು ಎಂದರೆ ತೂಬಿನ ನೀರು ಹರಿಯುವಷ್ಟು ನೆಲ ಎಂದು ಸುಲಭವಾಗಿ ಹೇಳಿಬಿಡಬಹುದು. ಆದರೆ ಕೋಲಾರದಂಥ ಸೀಮೆಯಲ್ಲಿ ಕೆರೆ ಪ್ರತಿ ವರ್ಷ ತುಂಬುವುದಿಲ್ಲ. ಅರ್ಧ ತುಂಬಿದ ವರ್ಷ ಕಾಲುವೆಯ ಕೊನೆಯ ಗದ್ದೆಗೆ ನೀರು ಮುಟ್ಟುವುದಿಲ್ಲ. ಆಗ ಆ ಗದ್ದೆ ಅಚ್ಚುಕಟ್ಟಿನ ಒಳಗೋ, ಹೊರಗೋ?

ನಮ್ಮ ಹಳೆಯ ಶಾಸನಗಳು ದಾನದ ಗದ್ದೆಯನ್ನು ಇಂಥ ಕೆರೆಯ ಕೆಳಗೆ, ಇಂಥ ತೂಬಿನ ಬಳಿ ಎಂದು ಗುರುತಿಸುತ್ತವೆ. ಅಳತೆ ಹೇಳುವುದು ಬಿತ್ತುವ ಬೀಜದ ಲೆಕ್ಕದಲ್ಲಿ, ಸಲಗೆ ಕೊಳಗಗಳಲ್ಲಿ. ಊರು ಬಲ್ಲವರಿಗಷ್ಟೇ ತಿಳಿಯುವ ನಕ್ಷೆ ಅದು.

ಮೈಸೂರು ಸಂಸ್ಥಾನದಲ್ಲಿ 1863ರಲ್ಲಿ ಕಂದಾಯ ಸರ್ವೆ ಶುರುವಾಯಿತು. ಸರಪಳಿ ಹಿಡಿದು ಅಳೆದರು, ನಂಬರು ಕೊಟ್ಟರು, ಖುಷ್ಕಿ, ತರಿ, ಬಾಗಾಯತು ಎಂದು ವಿಂಗಡಿಸಿದರು. ಆ ನಕ್ಷೆಯನ್ನು ನಾನು ಹಗುರವಾಗಿ ಕಾಣಲಾರೆ. ಬಡ ರೈತನ ಪಾಲಿಗೆ ಇವತ್ತಿಗೂ ಅದೇ ಆಧಾರ. ಆದರೆ ಅದು ಕಂದಾಯಕ್ಕಾಗಿ ಬರೆದದ್ದು. ಯಾವ ಮಡಿಗೆ ಯಾರ ನಂತರ ನೀರು ಎಂಬುದು ಅದರಲ್ಲಿಲ್ಲ.

ಅದು ಇದ್ದದ್ದು ನೀರಗಂಟಿಯ ತಲೆಯಲ್ಲಿ. ತೂಬು ಎತ್ತುವವನು, ಸರದಿ ನಡೆಸುವವನು ಅವನೇ. ಹಲವು ಊರುಗಳಲ್ಲಿ ಈ ಕೆಲಸ ದಲಿತ ಕುಟುಂಬಗಳದು. ಅಚ್ಚುಕಟ್ಟಿನಲ್ಲಿ ತನ್ನದೇ ಗದ್ದೆ ಇಲ್ಲದವನು ಪಕ್ಷಪಾತ ಮಾಡಲಾರ ಎಂದು ಇದಕ್ಕೆ ಸಮರ್ಥನೆ ಕೊಡುವುದುಂಟು. ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. ಎಲ್ಲರ ಗದ್ದೆಗೂ ನೀರು ಹಾಯಿಸುವವನಿಗೆ ಗದ್ದೆ ಇಲ್ಲದಿರುವುದು ನ್ಯಾಯದ ಗುರುತೇನಲ್ಲ.

ಕೋಲಾರದ ಕಡೆ ನೀರು ಕಡಿಮೆಯಾದ ವರ್ಷ ದಾಮಾಷಾ ಪದ್ಧತಿ ನಡೆಯುತ್ತಿತ್ತು. ಕೆರೆಯ ನೀರು ಎಷ್ಟು ನೆಲಕ್ಕೆ ಸಾಲುತ್ತದೆಂದು ಊರವರು, ನೀರಗಂಟಿ ಕೂಡಿ ಅಂದಾಜು ಮಾಡುತ್ತಿದ್ದರು. ತೂಬಿಗೆ ಹತ್ತಿರದ ಅಷ್ಟು ನೆಲವನ್ನು ಅಚ್ಚುಕಟ್ಟುದಾರರೆಲ್ಲ ತಮ್ಮ ತಮ್ಮ ಹಿಡುವಳಿಯ ಪ್ರಮಾಣದಲ್ಲಿ ಹಂಚಿಕೊಂಡು ಆ ಒಂದು ಬೆಳೆಗೆ ಸಾಗುವಳಿ ಮಾಡುತ್ತಿದ್ದರು. ಕೊನೆಯ ಗದ್ದೆಯವನೂ ಮೇಲೆ ಬಂದು ನಾಟಿ ಹಾಕುತ್ತಿದ್ದ. ಅವನ ಗದ್ದೆಗೆ ನೀರಿಲ್ಲ, ಅವನಿಗೆ ನೀರುಂಟು! ಅಚ್ಚುಕಟ್ಟು ಇಲ್ಲಿ ನೆಲದ ಮೇಲಿನ ಗೆರೆಯಲ್ಲ, ಹಕ್ಕುದಾರರ ಪಟ್ಟಿ. ಸರ್ವೆ ನಕ್ಷೆಯಲ್ಲಿ ಇದನ್ನು ಬರೆಯುವುದು ಹೇಗೆ?

1961ರ ಕಾಯ್ದೆ ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ರದ್ದು ಮಾಡಿತು. ಹುಟ್ಟಿನ ಚಾಕರಿಯಿಂದ ಬಿಡುಗಡೆ ಸಿಕ್ಕಿದ್ದು ಒಳ್ಳೆಯದೇ ಆಯಿತು. ಆದರೆ ಆ ತಿಳಿವಳಿಕೆಯನ್ನು ಯಾರೂ ಬರೆದುಕೊಳ್ಳಲಿಲ್ಲ. ನಲವತ್ತು ವರ್ಷದ ಮೇಲೆ, 2002ರಲ್ಲಿ, ವಿಶ್ವಬ್ಯಾಂಕ್ ನೆರವಿನ ಜಲಸಂವರ್ಧನೆ ಯೋಜನೆ ಬಂದಾಗ ಕೆರೆ ಬಳಕೆದಾರರ ಸಂಘಗಳಾದವು, ಊರವರನ್ನು ಕೂರಿಸಿಕೊಂಡು ಯೋಜನೆ ಬರೆಯುವ ಕ್ರಮ ಬಂತು. ಅಷ್ಟರಲ್ಲಿ ಎಷ್ಟೋ ತೂಬುಗಳು ಹೂತುಹೋಗಿದ್ದವು. ಕೊಳವೆಬಾವಿ ಇದ್ದವರಿಗೆ ಕಾಲುವೆಯ ಹಂಗಿರಲಿಲ್ಲ.

2018ರಿಂದ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೋರಮಂಗಲ-ಚಲ್ಲಘಟ್ಟ ಕಣಿವೆ ಯೋಜನೆಯಲ್ಲಿ ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. ಅದು ಅಂತರ್ಜಲಕ್ಕೆ ಮೀಸಲು, ನೇರವಾಗಿ ಹೊಲಕ್ಕೆ ಬಿಡುವಂತಿಲ್ಲ. ಕೆರೆ ತುಂಬಿದೆ, ತೂಬು ಮುಚ್ಚಿದೆ. ಈಗ ನೀರು ಸಿಗುವುದು ಕೊಳವೆಬಾವಿ ಕೊರೆಸಬಲ್ಲವರಿಗೆ. ಅವರಲ್ಲಿ ಕೆಲವರ ಹೊಲ ಎಂದೂ ಅಚ್ಚುಕಟ್ಟಿನಲ್ಲಿ ಇರಲಿಲ್ಲ.